ಕೊನೆಯವನು ಇಳಿದ ಮೇಲೆ

"ತಾತ, ಎಲ್ಲರೂ ಹಗ್ಗ ಹಿಡ್ಕೊಂಡು ಇಳಿದ್ರು. ಕೊನೆಯವನೂ ಇಳಿದ. ಆಮೇಲೆ ಮೇಲೆ ಕಟ್ಟಿರೋ ಹಗ್ಗ ಬಿಚ್ಚೋದು ಯಾರು?"

ಈ ಪುಟ ಓದುವವರಿಗೆ ನಮ್ಮ ಪುಟ್ಟಿಯ ಪ್ರಶ್ನೆಗಳು ಹೊಸವಲ್ಲ. ಈಗ ಏಳನೇ ಕ್ಲಾಸು. ವಾರಕ್ಕೆರಡು ಸಂಜೆ ಹಲಸೂರಿನ ನಮ್ಮ ಮನೆಯಿಂದ ಇಂದಿರಾನಗರಕ್ಕೆ ಹೋಗಿ, ಅಲ್ಲೊಂದು ಕಟ್ಟಡದೊಳಗಿನ ಕೃತಕ ಗೋಡೆ ಹತ್ತುವುದು ಕಲಿಯುತ್ತಾಳೆ. ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ಫೋನಿನಲ್ಲಿ ಅಮೆರಿಕದ ಯೂಟಾ ಕಡೆಯ ವಿಡಿಯೊ ನೋಡುತ್ತಿದ್ದಳು. ನೀರು ಕೊರೆದ ಆಳವಾದ ಕಂದರಗಳು. ಕೆಲವು ಕಡೆ ಎರಡೂ ಭುಜ ಗೋಡೆಗೆ ತಾಗುವಷ್ಟು ಇಕ್ಕಟ್ಟು. ಜನ ಮೇಲಿನಿಂದ ಹೊಕ್ಕು, ನಡೆದು, ಈಜಿ, ಹಗ್ಗದಲ್ಲಿ ಇಳಿದು ಕೆಳಗಿನ ಬಾಯಿಯಲ್ಲಿ ಹೊರಬರುತ್ತಾರೆ. ಇದಕ್ಕೆ ಕ್ಯಾನಿಯನಿಂಗ್ ಅನ್ನುತ್ತಾರೆ. ನಮ್ಮಲ್ಲಿ ಜಲಪಾತದ ಪಕ್ಕ ಹಗ್ಗ ಬಿಟ್ಟು ಇಳಿಸುತ್ತಾರಲ್ಲ, ಅದರ ದೊಡ್ಡಣ್ಣ.

ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಒಳಗಿನಿಂದ ಅವರಜ್ಜಿಯ ಹಳೇ ವೇಲು ತಂದು ಬಾಲ್ಕನಿಯ ಕಂಬಿಗೆ ಹಾಯಿಸಿದೆ. ಎರಡೂ ತುದಿ ಕೆಳಗೆ. "ಎರಡನ್ನೂ ಸೇರಿಸಿ ಹಿಡ್ಕೊಂಡು ಇಳೀಬೇಕು. ಕೆಳಗೆ ಹೋದ ಮೇಲೆ ಒಂದೇ ತುದಿ ಎಳೀಬೇಕು." ಎಳೆದೆ. ವೇಲು ಜಾರಿ ಕೈಗೆ ಬಂತು.

ಅವಳು ವೇಲು ನೋಡಲಿಲ್ಲ, ಕಂಬಿ ನೋಡಿದಳು. "ಹಗ್ಗ ಬಂತು. ಕಂಬಿ?"

ಅಲ್ಲೇ ಇರುವುದು ಎಲ್ಲ ತಕರಾರು. ಬಂಡೆಯ ಮೇಲೆ ಕಂಬಿ ಇರುವುದಿಲ್ಲ. ಮರವೋ ಗುಂಡೋ ಸಿಕ್ಕರೆ ಅದರ ಸುತ್ತ ನೈಲಾನಿನ ಪಟ್ಟಿ, ಅಂದರೆ ಸ್ಲಿಂಗ್, ಕಟ್ಟಿ ಅದಕ್ಕೊಂದು ಲೋಹದ ಬಳೆ ಹಾಕುತ್ತಾರೆ. ಹಗ್ಗ ಆ ಬಳೆಯೊಳಗೆ ಹಾದುಹೋಗುತ್ತದೆ. ಬಳೆ ಯಾಕೆ ಬೇಕೆಂದರೆ, ಎಳೆಯುವಾಗ ನೈಲಾನಿನ ಮೇಲೆ ನೈಲಾನು ಉಜ್ಜಿ ಬಿಸಿಯಾಗಿ ಪಟ್ಟಿ ಕರಗುತ್ತದೆ. ಏನೂ ಸಿಗದ ಕಡೆ ಬಂಡೆಗೆ ತೂತು ಕೊರೆದು ಬೋಲ್ಟ್ ಹೊಡೆಯುತ್ತಾರೆ. ಹಗ್ಗ ಕೆಳಗೆ ಬರುತ್ತದೆ. ಪಟ್ಟಿ, ಬಳೆ, ಬೋಲ್ಟ್ ಮೇಲೇ ಉಳಿಯುತ್ತವೆ. ಕಂದರದಲ್ಲಂತೂ ಹಗ್ಗ ಎಳೆದುಕೊಂಡ ಮೇಲೆ ವಾಪಸು ಹತ್ತುವ ದಾರಿಯೇ ಇರುವುದಿಲ್ಲ. ಬಿಟ್ಟದ್ದು ಬಿಟ್ಟಂತೆ.

ಮುಂದಿನ ತಂಡ ಬರುತ್ತದೆ. ಹಳೇ ಪಟ್ಟಿ ಬಿಸಿಲಿಗೆ ಬಣ್ಣ ಕಳೆದುಕೊಂಡಿದೆ. ನೈಲಾನಿಗೆ ಬಿಸಿಲೇ ಶತ್ರು, ನಮ್ಮ ತಾರಸಿಯ ಬಟ್ಟೆ ಹಗ್ಗ ಎರಡು ಬೇಸಿಗೆಗೆ ಪುಡಿಯಾಗುವುದನ್ನು ನೀವೂ ನೋಡಿರುತ್ತೀರಿ. ಅವರು ಹಳೆಯದನ್ನು ಕತ್ತರಿಸದೆ ಪಕ್ಕದಲ್ಲಿ ಇನ್ನೊಂದು ಕಟ್ಟುತ್ತಾರೆ. ಅದರಾಚೆಯವರು ಮತ್ತೊಂದು. ಕೊನೆಗೆ ಹರಕೆಯ ಮರದ ಹಾಗೆ ಕಾಣುತ್ತದೆ. ಯಾವುದು ಗಟ್ಟಿ, ಯಾವುದು ಲಡ್ಡು ಎಂದು ಯಾರಿಗೂ ತಿಳಿಯುವುದಿಲ್ಲ.

ಇಷ್ಟೆಲ್ಲ ವಿವರಿಸಿದ ಮೇಲೆ ಪುಟ್ಟಿ ಕೇಳಿದಳು, "ನೀನು ಬಿಟ್ಟು ಬಂದಿದ್ದೀಯಾ?"

ಬಂದಿದ್ದೆ. ನಲವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

1984ರ ಮಾತು. ನಾವು ನಾಲ್ವರು ಗೆಳೆಯರು. ಭಾನುವಾರ ಬೆಳಿಗ್ಗೆ ಬಿಟಿಎಸ್ ಬಸ್ಸಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೀಟರ್‌ಗೇಜ್ ರೈಲಿನಲ್ಲಿ ರಾಮನಗರ. ಸೊಂಟಪಟ್ಟಿ ಗಿಂಟಪಟ್ಟಿ ಏನೂ ಇಲ್ಲ, ತೊಡೆಗೂ ಭುಜಕ್ಕೂ ಹಗ್ಗ ಸುತ್ತಿಕೊಂಡೇ ಇಳಿಯುವುದು. ಹಗ್ಗ, ಪಟ್ಟಿ ಎಲ್ಲ ಶಿವಾಜಿನಗರದಲ್ಲಿ ಹಳೇ ಮಿಲಿಟರಿ ಸಾಮಾನು ಮಾರುವವರ ಹತ್ತಿರ ಚೌಕಾಸಿ ಮಾಡಿ ತಂದದ್ದು. ಗೆಳೆಯರಲ್ಲೊಬ್ಬ ಕೆ.ಆರ್. ಪುರದ ಕಡೆ ಟರ್ನರ್. ಕಬ್ಬಿಣದ ಸರಳು ತುಂಡು ಮಾಡಿ, ತಲೆಗೆ ಕಣ್ಣು ಬಗ್ಗಿಸಿ, ನಮಗಾಗಿ ಮೊಳೆ ಮಾಡಿಕೊಂಡು ಬರುತ್ತಿದ್ದ.

ಅಲ್ಲಿಯ ಬಂಡೆಯ ಬಗ್ಗೆ ಒಂದು ಮಾತು. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ. ವಯಸ್ಸು ಸುಮಾರು 250 ಕೋಟಿ ವರ್ಷ. ಉಳಿ ಹಿಡಿದು, ಒಂದೇಟು ಹೊಡೆದು ಸ್ವಲ್ಪ ತಿರುಗಿಸಿ, ಮತ್ತೊಂದೇಟು ಹೊಡೆದು, ಹೀಗೆ ಕೊರೆಯುತ್ತ ಕೂತರೆ ಒಂದು ತೂತಿಗೆ ಗಂಟೆ ಹಿಡಿಯುತ್ತಿತ್ತು.

ಆ ಸಂಜೆ ನಾವು ಬಂಡೆಯ ಮೇಲಿದ್ದಾಗ ಮೋಡ ಕವಿಯಿತು. ಹತ್ತಿದ ಕಡೆ ನೀರು ಹರಿಯತೊಡಗಿ ಜಾರುತ್ತಿತ್ತು. ಇಳಿಯಲು ಉಳಿದದ್ದು ಕಡಿದಾದ ಮಗ್ಗುಲು. ಮರವಿಲ್ಲ, ಗುಂಡಿಲ್ಲ. ಟರ್ನರ್ ಕೊರೆಯಲು ಕೂತ. ಮೂರು ಅಂಗುಲ ಆಗಬೇಕಿತ್ತು, ಒಂದು ಅಂಗುಲಕ್ಕೇ ಉಳಿ ಮೊಂಡಾಯಿತು. ಗುಡುಗು ಹತ್ತಿರ ಬರುತ್ತಿತ್ತು. ಮೊಳೆ ಹೊಡೆದು, ಪಟ್ಟಿ ಕಟ್ಟಿ, ಹಗ್ಗ ಹಾಯಿಸಿದೆವು. ಭಾರದವರು ಮೊದಲು, ಹಗುರವಾದವನು ಕೊನೆಗೆ, ಇದು ನಿಯಮ. ಆಗ ನಾನು ನಲವತ್ತೆಂಟು ಕಿಲೋ. ಮೂವರು ಇಳಿಯುವಾಗ ನಾನು ಆ ಮೊಳೆಯನ್ನೇ ನೋಡುತ್ತ ಮಳೆಯಲ್ಲಿ ಕೂತಿದ್ದೆ. ಮೂರನೆಯವನು ಇಳಿಯುವಾಗ ಅದು ಅಲುಗಾಡಿತೆಂದು ಈಗಲೂ ನನಗೆ ಅನ್ನಿಸುತ್ತದೆ. ನಾನೂ ಇಳಿದೆ. ಹಗ್ಗ ಎಳೆದೆವು, ಬಂತು. ಸ್ಟೇಷನ್ನಿನ ಹತ್ತಿರ ಬಿಸಿ ಇಡ್ಲಿ ತಿಂದು ನಗುನಗುತ್ತ ರೈಲು ಹತ್ತಿದೆವು.

"ಆ ಮೊಳೆ ಸರಿ ಇಲ್ಲ ಅಂತ ಬೇರೆ ಹತ್ತೋರಿಗೆ ಹೇಳ್ಲಿಲ್ವಾ?"

"ಇಲ್ಲ ಕಣೇ."

"ಯಾಕೆ?"

ಅದಕ್ಕೆ ಉತ್ತರ ಇರಲಿಲ್ಲ. ನಾಚಿಕೆ ಇತ್ತು ಅಂತಲೂ ಹೇಳಲಾರೆ, ಆಗ ಅದೂ ಇರಲಿಲ್ಲ. ನಮ್ಮ ಕೆಲಸ ಮುಗಿದಿತ್ತು, ಅಷ್ಟೆ.

ರಾತ್ರಿ ಟರ್ನರ್‌ಗೆ ಫೋನು ಮಾಡಿದೆ. ಮಂಡಿ ನೋವು, ಮೆಟ್ಟಿಲು ಹತ್ತುವುದಿಲ್ಲ ಈಗ. ಮರೆತಿರುತ್ತಾನೆ ಅಂದುಕೊಂಡಿದ್ದೆ. "ಮರೆಯೋದಾ? ಪೇಪರಿನಲ್ಲಿ ಬಂಡೆಯಿಂದ ಬಿದ್ರು ಅಂತ ಬಂದಾಗೆಲ್ಲ ನಾನು ಮೊದಲು ಊರು ಯಾವುದು ಅಂತ ನೋಡ್ತೀನಿ ಕಣೋ" ಅಂದ. ಇಷ್ಟು ವರ್ಷ ಇಬ್ಬರೂ ಈ ಮಾತು ಆಡಿರಲಿಲ್ಲ.

ಪುಟ್ಟಿಗೆ ಕಲಿಸುವ ಹುಡುಗನಿಗೆ ವಿಷಯ ಹೇಳಿದೆ. ನಗುತ್ತಾನೆ ಅಂದುಕೊಂಡರೆ ನಗಲಿಲ್ಲ. "ಜಾಗ ತೋರಿಸ್ತೀರಾ ಸರ್?" ಅಂದ. ನಮ್ಮ ಬಂಡೆ ರಾಮದೇವರ ಬೆಟ್ಟದ್ದಲ್ಲ, ಅದೊಂದು ಪುಣ್ಯ. 2012ರಲ್ಲಿ ಆ ಬೆಟ್ಟ ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ ಧಾಮವಾಯಿತು. ಹದ್ದು ಗೂಡು ಕಟ್ಟುವ ಕಡೆ ಮೊಳೆ ಕೀಳಲು ಸುತ್ತಿಗೆ ಹಿಡಿದು ಹೋಗುವುದು ಎರಡನೇ ತಪ್ಪಾಗುತ್ತಿತ್ತು.

ಹೋಗುವ ದಾರಿಯಲ್ಲಿ ಆ ಹುಡುಗನಿಗೂ ನನಗೂ ವಾದ. ನನಗಾಗಲೇ ಬಂಡೆಯಲ್ಲಿ ಲೋಹವೇ ಇರಬಾರದು ಎಂಬಷ್ಟು ವೈರಾಗ್ಯ ಬಂದಿತ್ತು. ಇಟಲಿಯ ಚೇಸರೆ ಮಾಯೆಸ್ತ್ರಿಯ ಕಥೆ ಹೇಳಿದೆ. 1970ರಲ್ಲಿ ದಕ್ಷಿಣ ಅಮೆರಿಕದ ಚೆರ್ರೊ ಟೊರ್ರೆ ಶಿಖರದ ಮೇಲೆ ಪೆಟ್ರೋಲಿನ ಕಂಪ್ರೆಸರ್ ಹೊತ್ತೊಯ್ದು, ನೂರಾರು ಬೋಲ್ಟ್ ಹೊಡೆದು, ಯಂತ್ರವನ್ನೂ ಗೋಡೆಯಲ್ಲೇ ನೇತಾಡಿಸಿ ಬಂದವನು. 2012ರಲ್ಲಿ ಇಬ್ಬರು ತರುಣರು ಇಳಿಯುತ್ತ ನೂರಕ್ಕೂ ಹೆಚ್ಚು ಬೋಲ್ಟ್ ಕಿತ್ತರು. ಅವರನ್ನು ಹೊಗಳಿದವರಷ್ಟೇ ಜನ ಬೈದರು.

ಹುಡುಗ ಒಪ್ಪಲಿಲ್ಲ. "ದಿನಕ್ಕೆ ಐವತ್ತು ಜನ ಇಳಿಯೋ ಜಾಗದಲ್ಲಿ ಮರಕ್ಕೇ ಹಗ್ಗ ಹಾಕಿ ಎಳೀತಾ ಇದ್ರೆ ತೊಗಟೆ ಸುಲಿದು ಮರ ಸಾಯುತ್ತೆ ಸರ್. ಅಲ್ಲಿ ಎರಡು ಒಳ್ಳೆ ಸ್ಟೇನ್‌ಲೆಸ್ ಬೋಲ್ಟ್, ಎರಡು ಬಳೆ ಇದ್ರೇ ವಾಸಿ. ಬಾದಾಮಿಯ ಗೋಡೆಗಳಲ್ಲಿ ಬೋಲ್ಟ್ ಇಲ್ಲದೆ ಎಷ್ಟೋ ದಾರಿ ಹತ್ತೋಕೇ ಆಗಲ್ಲ." ಏನೂ ಬಿಡದೆ ಇಳಿಯುವ ಉಪಾಯಗಳೂ ಇವೆಯಂತೆ. ಯೂಟಾದಲ್ಲಿ ಕೆಲವರು ಚೀಲಕ್ಕೆ ನೀರು ತುಂಬಿ ಅದರ ಭಾರಕ್ಕೆ ಹಗ್ಗ ಕಟ್ಟುತ್ತಾರೆ. ಕೊನೆಯವನು ಇಳಿದ ಮೇಲೆ ದಾರ ಎಳೆದರೆ ನೀರು ಚೆಲ್ಲಿ ಖಾಲಿ ಚೀಲ ಹಗ್ಗದ ಜೊತೆಯೇ ಕೆಳಗೆ ಬರುತ್ತದೆ. ಇನ್ನೊಂದು, ಗಂಟಿನೊಳಗೆ ಒಂದು ಕಡ್ಡಿ ಸಿಕ್ಕಿಸುವುದು. ಕೆಳಗಿನಿಂದ ಕಡ್ಡಿ ಎಳೆದರೆ ಗಂಟು ಬಿಚ್ಚುತ್ತದೆ.

"ಇಳೀತಾ ಇರುವಾಗ್ಲೇ ಕಡ್ಡಿ ಬಿದ್ರೆ?" ಪುಟ್ಟಿ.

"ಅದಕ್ಕೇ ಹೊಸಬರಿಗೆ ಅದನ್ನ ಹೇಳಿಕೊಡಲ್ಲ."

ಮಾಗಿಯ ಬೆಳಿಗ್ಗೆ, ಕೇಳಬೇಕಾದವರನ್ನು ಕೇಳಿಯೇ ಹೋಗಿದ್ದೆವು. ಬಂಡೆಯ ಹಿಂಬದಿಯಿಂದ ಸಲೀಸಾಗಿ ನಡೆದು ಹತ್ತಬಹುದು. ಆವತ್ತಿನ ಮಳೆಯಲ್ಲಿ ನಮಗೆ ಆ ಬದಿ ಹೊಳೆದೇ ಇರಲಿಲ್ಲ. ಪುಟ್ಟಿಯನ್ನು ಅಂಚಿನಿಂದ ದೂರ ಕೂರಿಸಿ, ಹುಡುಗ ಹಿಂದಿನ ಮರದಿಂದ ಹಗ್ಗ ಬಿಟ್ಟುಕೊಂಡು ಅಂಚಿಗೆ ಇಳಿದ. ಒಂದು ನಿಮಿಷ ಸದ್ದಿಲ್ಲ.

"ಸರ್, ನೀವು ಎಷ್ಟು ಪಟ್ಟಿ ಕಟ್ಟಿದ್ರಿ?"

"ಒಂದು."

"ಇಲ್ಲಿ ಆರು ಇದೆ."

ನನ್ನ ಕೈ ತಣ್ಣಗಾಯಿತು. ನಮ್ಮದು ಖಾಕಿ. ಮಿಕ್ಕವು ಹಸಿರು, ಕೆಂಪು, ನೀಲಿ, ಒಂದು ಬರೀ ಪ್ಲಾಸ್ಟಿಕ್ ಹಗ್ಗ, ಒಂದು ಬಣ್ಣವೇ ಉಳಿಯದ್ದು. ಒಂದರ ಒಳಮೈಯಲ್ಲಿ ಹಗ್ಗ ಉಜ್ಜಿ ಕರಗಿದ ಗೀರು. ಪಟ್ಟಿ ಹಳೆಯದಾಯಿತೆಂದು ಅವರೆಲ್ಲ ಹೊಸದು ಕಟ್ಟಿದ್ದರು. ಮೊಳೆಯನ್ನು ಮಾತ್ರ ಯಾರೂ ಅನುಮಾನಿಸಿರಲಿಲ್ಲ. ಯಾರೋ ತಿಳಿದವರೇ ಹೊಡೆದಿರುತ್ತಾರೆ ಅಂದುಕೊಂಡಿರಬೇಕು.

ಹುಡುಗ ಸುತ್ತಿಗೆಯಿಂದ ಪಕ್ಕಕ್ಕೆ ಹೊಡೆದ. ನಾಲ್ಕನೇ ಏಟಿಗೆ ಮೊಳೆ ಕೈಗೆ ಬಂತು. ಒಳಗಿದ್ದ ಭಾಗ ನನ್ನ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟೂ ಇರಲಿಲ್ಲ. ತುಕ್ಕು ತಿಂದು ತುದಿ ಸೀಸದ ಕಡ್ಡಿಯ ಹಾಗೆ ಚೂಪಾಗಿತ್ತು. ಬಂಡೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ತೂತು ಮುಚ್ಚಿದ. ಎರಡು ಹೆಜ್ಜೆ ಹಿಂದಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ತುಕ್ಕಿನ ನೀರು ಇಳಿದ ಕೆಂಪು ಗೆರೆ ಮಾತ್ರ ಉಜ್ಜಿದರೂ ಹೋಗಲಿಲ್ಲ.

ಬರುವಾಗ ಕೆ.ಆರ್. ಪುರಕ್ಕೆ ಹೋಗಿ ಮೊಳೆಯನ್ನು ಟರ್ನರ್ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. "ಕಣ್ಣು ಚೆನ್ನಾಗೇ ಬಗ್ಗಿಸಿದ್ದೆ, ಅಲ್ವಾ?" ಅಂದ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಪಟ್ಟಿಗಳನ್ನು ಪುಟ್ಟಿ ತೊಳೆದು ನಮ್ಮ ಬಾಲ್ಕನಿಯ ಕಂಬಿಗೇ ಒಣಹಾಕಿದ್ದಾಳೆ. ಒಂದೊಂದು ಪಟ್ಟಿಗೆ ಕಡಿಮೆಯೆಂದರೂ ಇಬ್ಬರು ಎಂದು ಅವಳ ಲೆಕ್ಕ. ಖಾಕಿಯದು ಬಿಟ್ಟರೆ ಹತ್ತು ಜನ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ರಾಮನಗರದ ಆಚೆ ಒಂದು ಬಂಡೆಯಲ್ಲಿ ಹಳೇ ಮೊಳೆಗೆ ಹಸಿರು ಪಟ್ಟಿ ಕಟ್ಟಿ ಇಳಿದಿದ್ದರೆ, ಅದು ನನ್ನ ಹತ್ತಿರ ಇದೆ. ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ.