ಚುಕ್ಕೆ ಎಣಿಸಿದರೆ ಬುದ್ಧಿ ಅಳೆದಂತಾಯಿತೇ?

ಮೊನ್ನೆ ಪಾಠ ಮುಗಿಸಿ ಹೊರಡುವಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ಕಾದಿದ್ದಳು. “ಸಾರ್, ನಮ್ಮ ಚಿಕ್ಕಮ್ಮನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತೆ. ಓಡಾಡಿಕೊಂಡು ಚೆನ್ನಾಗೇ ಇದಾರೆ. ಅಂಗಡಿ ಚೀಟಿ ಕೂಡಿಸೋಕೆ ಮಾತ್ರ ತುಂಬ ಹೊತ್ತು ಹಿಡಿಯುತ್ತೆ. ಎಂ.ಆರ್.ಐ.ನಲ್ಲಿ ನಾಲ್ಕೈದೇ ಚುಕ್ಕೆ ಇರೋದು, ಇದೆಲ್ಲ ಸೋಮಾರಿತನ ಅಂತಾರೆ ಮನೇಲಿ. ನಿಜವಾ?”

ನಿಜವಲ್ಲ. ಏಕೆಂದು ನೋಡೋಣ.

ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಪೊರೆಯಿದೆ. ಪೊರೆಯಿರುವ ದಪ್ಪ ತಂತುಗಳಲ್ಲಿ ಸಂದೇಶವು ಸೆಕೆಂಡಿಗೆ 100 ಮೀಟರ್ ವೇಗದಲ್ಲಿಯೂ ಓಡಬಲ್ಲದು. ಪೊರೆಯಿಲ್ಲದ ಸಣ್ಣ ತಂತುಗಳಲ್ಲಿ ಒಂದೆರಡು ಮೀಟರ್ ಮಾತ್ರ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಮಿದುಳುಬಳ್ಳಿಯ ಪೊರೆಯನ್ನು ಹಾಳುಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಆರಂಭವಾಗುವ ಈ ರೋಗ ಹೆಂಗಸರಲ್ಲಿ ಹೆಚ್ಚು.

1868ರಲ್ಲಿ ಪ್ಯಾರಿಸಿನ ವೈದ್ಯ ಶಾರ್ಕೊ ಇದನ್ನು ವಿವರವಾಗಿ ಗುರುತಿಸಿದರು. ರೋಗಿಗಳ ನೆನಪು ಕುಂದಿ ಯೋಚನೆ ನಿಧಾನವಾಗುವುದನ್ನೂ ಅವರು ಗಮನಿಸಿದ್ದರು. ಆದರೆ ಮಿದುಳಿನ ಕಲೆಗಳನ್ನು ರೋಗಿ ಸತ್ತ ಮೇಲಷ್ಟೇ ನೋಡಲು ಸಾಧ್ಯವಿತ್ತು. 1980ರ ದಶಕದಲ್ಲಿ ಎಂ.ಆರ್.ಐ. ಬಳಕೆಗೆ ಬಂದಮೇಲೆ ಬದುಕಿರುವವರ ಮಿದುಳಿನಲ್ಲೇ ಅವು ಸ್ಪಷ್ಟವಾಗಿ ಕಂಡವು. ಇದರಲ್ಲಿ ಎಕ್ಸ್‌-ರೇ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳ ಪ್ರಭಾವಕ್ಕೆ ಸಿಕ್ಕ ಜಲಜನಕದ ಪರಮಾಣು ಬೀಜಗಳು ಕೊಡುವ ಸಂಕೇತದಿಂದ ಚಿತ್ರ ಮೂಡುತ್ತದೆ. ಹಾನಿಯಾದ ಜಾಗ ಬಿಳಿ ಚುಕ್ಕೆಯಾಗಿ ಕಾಣುತ್ತದೆ.

ಹಾಗಾದರೆ ಚುಕ್ಕೆ ಕಡಿಮೆಯಿದ್ದರೆ ತೊಂದರೆಯೂ ಕಡಿಮೆಯೇ? ಹಾಗೇನಿಲ್ಲ. ಬಹಳ ಚುಕ್ಕೆಗಳಿದ್ದೂ ಚುರುಕಾಗಿರುವವರಿದ್ದಾರೆ, ಕೆಲವೇ ಇದ್ದು ಕಷ್ಟಪಡುವವರೂ ಇದ್ದಾರೆ. ಮಿದುಳಿನ ಹೊರಪದರದ ಹಾನಿ ಮಾಮೂಲು ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ. ಮಿದುಳು, ಅದರಲ್ಲೂ ಅದರ ನಡುವಿನ ಥಲಾಮಸ್, ಎಷ್ಟು ಕುಗ್ಗಿದೆ ಎಂಬುದು ಚುಕ್ಕೆಗಳ ಎಣಿಕೆಗಿಂತ ಹೆಚ್ಚು ಹೇಳುತ್ತದೆ. ಜತೆಗೆ ಓದು, ಹವ್ಯಾಸಗಳಿಂದ ಮಿದುಳು ಕೂಡಿಟ್ಟುಕೊಂಡ ಶಕ್ತಿಯೂ ಒಬ್ಬೊಬ್ಬರಲ್ಲಿ ಬೇರೆ ಬೇರೆ.

ಆದ್ದರಿಂದ ಚಿತ್ರದೊಡನೆ ಪರೀಕ್ಷೆಯೂ ಬೇಕು. ಒಂಬತ್ತು ಗುರುತುಗಳಿಗೆ 1ರಿಂದ 9ರವರೆಗಿನ ಅಂಕಿಗಳನ್ನು ಕೊಟ್ಟಿರುತ್ತಾರೆ. ಗುರುತು ನೋಡುತ್ತ 90 ಸೆಕೆಂಡುಗಳಲ್ಲಿ ಎಷ್ಟು ಅಂಕಿ ಸರಿಯಾಗಿ ಹೇಳುತ್ತಾರೆಂದು ಎಣಿಸುತ್ತಾರೆ. ಕಾಗದದ ಮೇಲೆ ಬರೆದುಕೊಂಡು ನೀವೂ ಆಡಿ ನೋಡಿ. ಆಟವಾಗಿ ಮಾತ್ರ, ರೋಗ ಪತ್ತೆ ವೈದ್ಯರ ಕೆಲಸ.

ಈ ಕಾಯಿಲೆಯವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ಯೋಚನೆ, ನೆನಪಿನ ತೊಂದರೆ ಕಾಣಿಸಿಕೊಳ್ಳುತ್ತದೆ. ಎಷ್ಟೋ ಸಲ ಅದನ್ನು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಈಗಿನ ಔಷಧಿಗಳು ಹೊಸ ಹಾನಿಯನ್ನು ಬಹುಮಟ್ಟಿಗೆ ತಡೆಯುತ್ತವೆ. ಆದ್ದರಿಂದ ಬೇಗ ಹೇಳಿದಷ್ಟೂ ಒಳ್ಳೆಯದು.

“ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಚೀಟಿ ಕೂಡಿಸುವ ವಿಷಯವನ್ನೂ ಹೇಳಲಿ. ಚಿಕ್ಕಮ್ಮನಿಗೆ ಒಂದು ಸಲಕ್ಕೆ ಒಂದೇ ಕೆಲಸ ಕೊಡಿ, ಅವಸರ ಮಾಡಬೇಡಿ,” ಎಂದೆ. ಅವಳು ತಲೆಯಾಡಿಸಿ ಹೋದಳು. ತಡವಾಗಿ ಉತ್ತರ ಹೇಳಿದವರನ್ನು ಗದರಿದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ ಎಂಬುದು ಆಗ ನೆನಪಾಯಿತು.