ಎಂಟು ಎಲೆ ಸಾಕು

ಮಲೆನಾಡಿನ ಹಳೇ ಮನೆಗಳಲ್ಲಿ ದೀಪಾವಳಿ ಹೇಗೆ ನಿಂತುಹೋಗುತ್ತೆ ಗೊತ್ತಾ? ಯಾರೂ ಕೂತು ತೀರ್ಮಾನ ಮಾಡಲ್ಲ. ಒಂದು ವರ್ಷ ಅಜ್ಜಿಗೆ ಮಂಡಿನೋವು. ಮುಂದಿನ ವರ್ಷ ಮಕ್ಕಳಿಗೆ ರಜೆ ಸಿಗಲ್ಲ. ಅದರ ಮುಂದಿನ ವರ್ಷ "ಇಬ್ಬರಿಗೆ ಎಂತ ಹಬ್ಬ, ದೇವರಿಗೆ ಒಂದು ದೀಪ ಹಚ್ಚಿದ್ರೆ ಆಯ್ತು" ಅಂತ ಅಜ್ಜನೇ ಹೇಳ್ತಾರೆ. ನಾಲ್ಕನೇ ವರ್ಷಕ್ಕೆ ಕೇಳೋರೂ ಇರಲ್ಲ. ನಾವು ಹಾಸ್ಟೆಲ್ ಟೆರೇಸ್ ಮೇಲೆ ಸೆಲ್ಫಿ ತೆಗೆದು ಸ್ಟೇಟಸ್ ಹಾಕ್ತೀವಿ, ಅಲ್ಲಿಗೆ ಮುಗೀತು.

ಇದಕ್ಕೆ ಕಾರಣ ಭಕ್ತಿ ಕಡಿಮೆ ಆಯ್ತು, ಮೊಬೈಲ್ ಜಾಸ್ತಿ ಆಯ್ತು ಅಂತೆಲ್ಲ ದೊಡ್ಡವರು ಹೇಳ್ತಾರೆ. ನನಗೆ ಹಾಗನ್ನಿಸಲ್ಲ. ಹಬ್ಬ ನಿಲ್ಲೋದು ಅಡುಗೆಮನೆಯಲ್ಲಿ. ಹಬ್ಬದ ಊಟ ಅಂದ್ರೆ ಮೂವತ್ತು ಎಲೆ ಬೀಳಬೇಕು, ಹದಿನೈದು ಬಗೆ ಇರಬೇಕು, ಎಲ್ಲವೂ ಒಬ್ಬರೋ ಇಬ್ಬರೋ ಹೆಂಗಸರ ಕೈಯಲ್ಲೇ ಆಗಬೇಕು ಅನ್ನೋ ಲೆಕ್ಕ ಇಟ್ಕೊಂಡಿದ್ದೀವಲ್ಲ, ಆ ಕೈಗಳಿಗೆ ವಯಸ್ಸಾದ ದಿನ ಹಬ್ಬವೂ ನಿಲ್ಲುತ್ತೆ. ನನ್ನ ವಾದ ಇಷ್ಟೇ. ಊಟವನ್ನ ಚಿಕ್ಕದು ಮಾಡೋಣ, ಕೆಲಸವನ್ನ ಉಣ್ಣೋರೆಲ್ಲ ಹಂಚಿಕೊಳ್ಳೋಣ. ಈ ಎರಡೂ ಒಟ್ಟಿಗೆ ಆಗಬೇಕು. ಒಂದೇ ಮಾಡಿದ್ರೆ ಪ್ರಯೋಜನ ಇಲ್ಲ.

ನಮ್ಮದು ತೀರ್ಥಹಳ್ಳಿ ತಾಲೂಕಿನ ಅರಳಸುರಳಿ ಕಡೆ. "ನಮ್ಮದು" ಅಂದ್ರೆ ಅಜ್ಜ-ಅಜ್ಜಿ ಇರೋದು ಅಲ್ಲಿ. ನಾನು ಓದಿದ್ದೆಲ್ಲ ಬೆಂಗಳೂರಲ್ಲಿ, ಅದೂ ಇಂಗ್ಲಿಷ್ ಮೀಡಿಯಮ್. ದೊಡ್ಡಪ್ಪ-ದೊಡ್ಡಮ್ಮ ಶಿವಮೊಗ್ಗದಲ್ಲಿ. ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ, ನಮ್ಮ ಕಡೆ ದೀಪಾವಳಿಗೆ ದೊಡ್ಡಹಬ್ಬ ಅಂತಲೇ ಹೆಸರು. ನೀರು ತುಂಬೋದ್ರಿಂದ ಶುರುವಾಗಿ ಬಲಿಪಾಡ್ಯಮಿ ದಿನದ ಗೋಪೂಜೆವರೆಗೆ ನಡೆಯುತ್ತೆ. ದನಗಳಿಗೆ ಮೈತೊಳೆದು, ಚೆಂಡುಹೂವು, ಅಡಿಕೆ ಸೇರಿಸಿ ಕಟ್ಟಿದ ಹಾರ ಹಾಕ್ತಾರೆ. ಅವಕ್ಕೆ ಕಡುಬು ತಿನ್ನಿಸಿದ ಮೇಲೇ ಮನೆಯವರ ಊಟ. ರಾತ್ರಿ ಅಂಟಿಕೆ-ಪಂಟಿಕೆಯವರು ದೀಪ ಹಿಡಿದು ಹಾಡ್ತಾ ಮನೆಮನೆಗೆ ಬರ್ತಾರೆ. ಅವರ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳಿಸೋದು ಪದ್ಧತಿ. ಬಾಗಿಲು ಹಾಕಿದ ಮನೆ ಮುಂದೆ ಅವರೂ ಎಷ್ಟು ಹೊತ್ತು ಹಾಡಿಯಾರು?

2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ರ ಸೋಮವಾರ, ಬಲಿಪಾಡ್ಯಮಿ 22ರ ಬುಧವಾರ ಬಂದಿತ್ತು. ಅದಕ್ಕೆ ಹದಿನೈದು ದಿನ ಮುಂಚೆ ಅಜ್ಜಿ ಫೋನ್ ಮಾಡಿ, "ಈ ಸಲ ಯಾರೂ ಬರೂದು ಬೇಡ, ನನ್ನ ಕೈಲಿ ಆಗಲ್ಲ" ಅಂದ್ರು. ಅವರಿಗೆ 74. ಅಪ್ಪ ತಕ್ಷಣ "ಸರಿ ಬಿಡಮ್ಮ, ರೆಸ್ಟ್ ತಗೋ" ಅಂದ್ರು. ಅಪ್ಪನ ಮಾತಲ್ಲಿ ಕಾಳಜಿಯೇ ಇತ್ತು. ಆದ್ರೆ ಅಜ್ಜಿ ಹೇಳಿದ್ದು "ನನ್ನ ಕೈಲಿ ಆಗಲ್ಲ" ಅಂತ. "ನನಗೆ ಹಬ್ಬ ಬೇಡ" ಅಂತ ಹೇಳ್ಲಿಲ್ಲ. ಈ ಎರಡರ ನಡುವೆ ಇರೋ ವ್ಯತ್ಯಾಸದಲ್ಲೇ ನಮ್ಮ ಕೆಲಸ ಇರೋದು.

ಕೆಲಸ ಯಾರ ಮೇಲೆ ಬೀಳುತ್ತೆ ಅನ್ನೋದಕ್ಕೆ ನಮ್ಮನೆ ಕಥೆ ಸಾಕಾಗಲ್ಲ, ಲೆಕ್ಕ ಬೇಕು ಅನ್ನೋ ಎಂಜಿನಿಯರ್‌ಗಳಿಗಾಗಿ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಇದೆ. 2019ರಲ್ಲಿ, ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ರು, ಅದೇ ಕೆಲಸ ಮಾಡೋ ಗಂಡಸರು 97 ನಿಮಿಷ. 2024ರಲ್ಲಿ ಹೆಂಗಸರದ್ದು 289, ಗಂಡಸರದ್ದು 88. ಐದು ವರ್ಷದಲ್ಲಿ ಹೆಂಗಸರಿಗೆ ಉಳಿದದ್ದು ಹತ್ತು ನಿಮಿಷ. ಗಂಡಸರದ್ದೂ ಒಂಬತ್ತು ನಿಮಿಷ ಕಡಿಮೆ ಆಯ್ತು! ನೆನಪಿರಲಿ, ಇದು ಮನೆಗೆಲಸ ಮಾಡೋ ಗಂಡಸರ ಸರಾಸರಿ ಮಾತ್ರ. ಏನೂ ಮಾಡದವರು ಈ ಲೆಕ್ಕಕ್ಕೇ ಬರಲ್ಲ. ಹಬ್ಬದ ದಿನವನ್ನಷ್ಟೇ ಬೇರೆಯಾಗಿ ಅಳೆದ್ರೆ ಹೇಗಿರುತ್ತೆ ಅಂತ ನೀವೇ ಊಹಿಸಿ.

ಊಟ ಚಿಕ್ಕದು ಮಾಡೋದು ಅಂದ್ರೆ ಸಂಪ್ರದಾಯ ಮುರಿದ ಹಾಗೆ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಊರಿನ ಸಂಪ್ರದಾಯವನ್ನೇ ನೋಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ರೈತರು ಸೀಗೆ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಮಾಡ್ತಾರೆ. ಪೈರು ತುಂಬಿ ನಿಂತ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು ಅನ್ನೋ ನಂಬಿಕೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ಪೂಜೆ ಮಾಡಿ, ಭೂಮಿಗೆ ಉಣ್ಣಿಸಿ, ಮನೆಯವರು ಅಲ್ಲೇ ಕೂತು ಊಟ ಮಾಡ್ತಾರೆ. ಛತ್ರ ಇಲ್ಲ, ಕಾರ್ಡ್ ಇಲ್ಲ. ಮನೆಯವರಷ್ಟೇ ಕೂತು ಉಣ್ಣೋದು ನಮಗೇನೂ ಹೊಸದಲ್ಲ. ಹಾಗಂತ ಅದರಲ್ಲಿ ಎಲ್ಲವೂ ಸರಿ ಇದೆ ಅಂತ ನಾನು ಹೇಳ್ತಿಲ್ಲ. ಬುಟ್ಟಿಗೆ ಚಿತ್ತಾರ ಬರೆಯೋರೂ ಹೆಂಗಸರೇ, ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಅಡುಗೆ ಮಾಡೋರೂ ಹೆಂಗಸರೇ. ಎಲೆ ಕಡಿಮೆ ಆದ್ರೆ ಸಾಲದು, ಕೈ ಜಾಸ್ತಿ ಆಗಬೇಕು ಅನ್ನೋದು ಇದಕ್ಕೇ.

ಸರಳತೆಯ ಮಾತಿಗೆ ಇನ್ನೊಂದು ಉದಾಹರಣೆಯೂ ಇದೇ ತಾಲೂಕಿನದ್ದು. ಕುಪ್ಪಳಿಯ ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನ ಮಂತ್ರಮಾಂಗಲ್ಯದ ರೀತಿಯಲ್ಲಿ, ಆಡಂಬರ ಇಲ್ಲದೆ ಮಾಡಿಸಿದ್ರು. ಮದುವೆಯನ್ನೇ ಚಿಕ್ಕದಾಗಿ, ಚೊಕ್ಕವಾಗಿ ಮಾಡಬಹುದು ಅಂದ್ಮೇಲೆ ಒಂದು ಮಧ್ಯಾಹ್ನದ ಊಟ ಯಾವ ಲೆಕ್ಕ?

ಸರಿ, ನಾವೇನು ಮಾಡಿದ್ವಿ ಅಂತ ಹೇಳ್ತೀನಿ. ಒಟ್ಟು ಎಂಟು ಜನ. ಅಜ್ಜ, ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ನಾನು, ನನ್ನ ತಮ್ಮ. ಬಲಿಪಾಡ್ಯಮಿ ಮಧ್ಯಾಹ್ನದ ಊಟ ಒಂದೇ ದೊಡ್ಡದು, ಉಳಿದ ಹೊತ್ತೆಲ್ಲ ಅನ್ನ-ಸಾರು ಅಂತ ಮೊದಲೇ ತೀರ್ಮಾನ ಮಾಡಿದ್ವಿ. ಮೆನುವಿನಲ್ಲಿ ಏನು ಉಳೀಬೇಕು ಅಂತ ಅಜ್ಜಿನೇ ಹೇಳಿದ್ರು. ಸೌತೆಕಾಯಿ ಕಡುಬು ಬಿಡೋ ಹಾಗಿಲ್ಲ, ಯಾಕಂದ್ರೆ ಅದು ದನಗಳಿಗೂ ಬೇಕು, ನೈವೇದ್ಯಕ್ಕೂ ಬೇಕು. ಅದರ ಜೊತೆ ಕೋಸಂಬರಿ, ಒಂದು ಪಲ್ಯ, ಒಂದು ತಂಬುಳಿ, ಸಾರು, ಹುಳಿ, ಅನ್ನ, ಮೊಸರು. ಹಪ್ಪಳ, ಉಪ್ಪಿನಕಾಯಿ ಬೇಸಿಗೆಯಲ್ಲೇ ಮಾಡಿಟ್ಟಿದ್ದು ಇತ್ತು. ತಂಬುಳಿ ಇಟ್ಟಿದ್ದು ಬೇಕಂತಲೇ. ಅರೆದು ಮಜ್ಜಿಗೆ ಸೇರಿಸಿದ್ರೆ ಆಯ್ತು, ಅದಕ್ಕೆ ಒಲೆ ಹಿಡಿದುಕೊಂಡು ನಿಲ್ಲೋ ಕೆಲಸ ಇಲ್ಲ.

"ಹೋಳಿಗೆ ಇಲ್ದೆ ಎಂತ ಹಬ್ಬ?" ಅಂತ ದೊಡ್ಡಪ್ಪ ತಕರಾರು ತೆಗೆದ್ರು. "ಹೂರಣ ನೀವು ರುಬ್ಬಿ ಕೊಡೋದಾದ್ರೆ ಮಾಡೋಣ" ಅಂದ್ರು ದೊಡ್ಡಮ್ಮ. ದೊಡ್ಡಪ್ಪ ತೀರ್ಥಹಳ್ಳಿ ಪೇಟೆಯಿಂದ ಹತ್ತು ಹೋಳಿಗೆ ಕಟ್ಟಿಸ್ಕೊಂಡು ಬಂದ್ರು. ಆಕಾಶ ಏನೂ ಕಳಚಿ ಬೀಳಲಿಲ್ಲ.

ಕಡುಬಿನ ಕೆಲಸ ನೋಡಿದ್ರೆ ನಮ್ಮ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕ್ಲಾಸಿನ ಕ್ರಿಟಿಕಲ್ ಪಾತ್ ಬೇಗ ಅರ್ಥ ಆಗುತ್ತೆ. ಅಕ್ಕಿ ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೆಳಗ್ಗೆ ಅದನ್ನ ತರಿತರಿಯಾಗಿ ರುಬ್ಬಬೇಕು. ಬೆಳೆದ ಸೌತೆಕಾಯಿಯ ತುರಿ, ಬೆಲ್ಲ, ಕಾಯಿತುರಿ, ಉಪ್ಪು ಸೇರಿಸಬೇಕು. ಸೌತೆಕಾಯಿಯೇ ನೀರು ಬಿಡೋದ್ರಿಂದ ಬೇರೆ ನೀರು ಹಾಕೋ ಹಾಗಿಲ್ಲ. ಬಾಳೆಲೆ ಬೆಂಕಿಗೆ ಹಿಡಿದು ಬಾಡಿಸಿದ್ರೆ ಮಾತ್ರ ಮಡಚುವಾಗ ಹರಿಯಲ್ಲ. ಆಮೇಲೆ ಹಬೆಯಲ್ಲಿ ಮುಕ್ಕಾಲು ಗಂಟೆ. ಈ ಸಾಲಿನಲ್ಲಿ ಒಂದು ತಡ ಆದ್ರೆ ಎಲ್ಲ ತಡ. ಉಳಿದ ಅಡುಗೆಯೆಲ್ಲ ಅದು ಬೇಯೋ ಹೊತ್ತಲ್ಲೇ ಆಗುತ್ತೆ. ಹಾಗಾಗಿ ಕೆಲಸ ಹಂಚುವಾಗ ಕಡುಬಿಗೆ ಮೂವರು, ಉಳಿದಿದ್ದಕ್ಕೆ ಮೂವರು ಅಂತ ಹಂಚಿದ್ವಿ. ಅಪ್ಪ ಮತ್ತು ತಮ್ಮ ಸೌತೆಕಾಯಿ, ತೆಂಗಿನಕಾಯಿ ತುರಿದ್ರು, ಎಲೆ ಬಾಡಿಸಿದ್ದು ನಾನು. ನೈವೇದ್ಯದ ಕಡುಬನ್ನ ಮಾತ್ರ ಅಜ್ಜಿ ಸ್ನಾನ ಮಾಡಿ ತಾವೇ ಕಟ್ಟಿದ್ರು, ಅದು ಅವರ ಇಷ್ಟ. ಉಳಿದ ಹೊತ್ತು ಮಣೆ ಮೇಲೆ ಕೂತು "ಉಪ್ಪು ಸಾಲ", "ಎಲೆ ಹಿಂಗಲ್ಲ, ಹಂಗೆ ಮಡಚು" ಅಂತ ಹೇಳ್ತಾ ಇದ್ರು. ದನಗಳಿಗೆ ಹಾರ ಅಜ್ಜನ ಇಲಾಖೆ. ಊಟ ಆದ್ಮೇಲೆ ಪಾತ್ರೆ ದೊಡ್ಡಪ್ಪನ ಪಾಲಿಗೆ ಬಂತು, ಹೋಳಿಗೆ ತಂದಿದ್ದಕ್ಕೆ ರಿಯಾಯಿತಿ ಕೊಡ್ಲಿಲ್ಲ.

"ಗಂಡಸರು ಅಡುಗೆಮನೆಗೆ ಬಂದ್ರೆ ಕೆಲಸ ಇಮ್ಮಡಿ" ಅಂತ ಎಷ್ಟೋ ಅಮ್ಮಂದಿರೇ ಹೇಳ್ತಾರೆ. ಮೊದಲ ಒಂದು ಗಂಟೆ ಅದು ನಿಜ. ಆದ್ರೆ ಕಾಯಿ ತುರಿಯೋಕೆ, ಎಲೆ ಒರೆಸೋಕೆ, ಪಾತ್ರೆ ತೊಳೆಯೋಕೆ ಕೈಹದ ಏನೂ ಬೇಕಿಲ್ಲ. ಥರ್ಮೋಡೈನಾಮಿಕ್ಸ್ ಪಾಸಾದವನಿಗೆ ಕಾಯಿ ತುರಿಯೋಕೆ ಬರಲ್ಲ ಅಂದ್ರೆ ನಂಬೋದು ಕಷ್ಟ.

ಕೆಲವು ಫ್ರೆಂಡ್ಸ್ ಕೇಳಿದ್ರು, ಇಷ್ಟೆಲ್ಲ ಯಾಕೆ, ಕೇಟರಿಂಗ್‌ನವರಿಗೆ ಹೇಳಿದ್ರೆ ಆಗಲ್ವಾ ಅಂತ. ಆಗುತ್ತೆ. ಯಾರೂ ಇಲ್ಲದ ಮನೆಗೆ, ಹುಷಾರಿಲ್ಲದ ಮನೆಗೆ ಅದೇ ಒಳ್ಳೇದು, ಅದರಲ್ಲಿ ಅವಮಾನ ಏನಿಲ್ಲ. ಆದ್ರೆ ಕೈಕಾಲು ಗಟ್ಟಿ ಇರೋ ಐದಾರು ಜನ ಸೋಫಾ ಮೇಲೆ ಕೂತು ಪೂರ್ತಿ ಊಟ ತರಿಸಿದ್ರೆ, ಅಜ್ಜಿಗೆ ಗೊತ್ತಿರೋದು ಅಜ್ಜಿ ಜೊತೆಗೇ ಹೋಗುತ್ತೆ. ಎಲೆ ಹೇಗೆ ಮಡಚಬೇಕು ಅನ್ನೋದು ಯೂಟ್ಯೂಬಲ್ಲಿ ಸಿಗಬಹುದು. ನಮ್ಮನೆ ಕಡುಬಿಗೆ ಎಷ್ಟು ಬೆಲ್ಲ ಅನ್ನೋದು ಅಲ್ಲಿ ಸಿಗಲ್ಲ. ಅಜ್ಜಿ ಯಾವತ್ತೂ ಅಳತೆ ಮಾಡಿದವರಲ್ಲ. ಈ ಸಲ ತಮ್ಮ ಅವರು ಹಾಕಿದ ಪ್ರತಿ ಹಿಡಿಯನ್ನೂ ಅಡಿಕೆ ತೂಗೋ ತಕ್ಕಡಿಯಲ್ಲಿ ತೂಗಿ ಬರೆದಿಟ್ಟಿದ್ದಾನೆ.

ಕೆಲಸ ಹಂಚಿಕೊಳ್ಳೋಕೆ ಮಲೆನಾಡಿನವರಿಗೆ ಹೊರಗಿನಿಂದ ಪಾಠ ಬೇಕಿಲ್ಲ. ಅಮೆರಿಕದಲ್ಲಿರೋ ಕನ್ನಡದವರು ಹಬ್ಬಕ್ಕೆ ಸೇರಿದಾಗ ಒಂದೊಂದು ಮನೆಯವರು ಒಂದೊಂದು ಅಡುಗೆ ತಂದು ಪಾಟ್‌ಲಕ್ ಅಂತಾರೆ. ನಮ್ಮಲ್ಲಿ ಮುಯ್ಯಾಳು ಇದೆ. ಇವತ್ತು ನಿಮ್ಮ ಗದ್ದೆಗೆ ನಾವು ಬರ್ತೀವಿ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ, ಕೂಲಿ ಲೆಕ್ಕ ಇಲ್ಲ. ನಟ್ಟಿಗೆ ಹೊಂದೋ ಈ ಲೆಕ್ಕ ಅಡುಗೆಮನೆಗೆ ಯಾಕೆ ಹೊಂದಲ್ಲ? ಇಷ್ಟು ದಿನ ಅಲ್ಲಿ ಮುಯ್ಯಿ ಒಂದೇ ಕಡೆಯಿಂದ ಹೋಗ್ತಾ ಇತ್ತು. ವಾಪಸ್ ಬಂದಿದ್ದು ಕಡಿಮೆ.

ಊಟ ಚಿಕ್ಕದಾಗಿದ್ದಕ್ಕೆ ನಮಗೆ ಸಿಕ್ಕ ದೊಡ್ಡ ಲಾಭ ಇನ್ನೊಂದು. ಎಂಟೇ ಎಲೆ ಆದ್ದರಿಂದ ಒಂದೇ ಪಂಕ್ತಿ. ಗಂಡಸರು, ಮಕ್ಕಳು ಮೊದಲು, ಹೆಂಗಸರು ಆಮೇಲೆ ಅನ್ನೋದಕ್ಕೆ ಜಾಗವೇ ಇರಲಿಲ್ಲ. ಮೂವತ್ತು ಎಲೆ ಬೀಳ್ತಿದ್ದ ಕಾಲದಲ್ಲಿ ಅಜ್ಜಿ ಉಣ್ಣೋಕೆ ಕೂರೋ ಹೊತ್ತಿಗೆ ನಾಲ್ಕು ಗಂಟೆ ಆಗ್ತಿತ್ತು, ಅಷ್ಟೊತ್ತಿಗೆ ಎಲ್ಲ ತಣ್ಣಗಾಗಿರೋದು. "ಆಗ ಹಸಿವಾಗ್ತಿರಲಿಲ್ವಾ ಅಜ್ಜಿ?" ಅಂತ ಕೇಳಿದೆ. "ಅಡುಗೆ ಮಾಡ್ದೋರಿಗೆ ಹಸಿವು ಎಲ್ಲಿರ್ತು ಮಗಾ" ಅಂದ್ರು. ಈ ಸಲ ಬಿಸಿ ಕಡುಬು, ಮೇಲೆ ತುಪ್ಪ ಹಾಕ್ಕೊಂಡು ಎರಡು ತಿಂದ್ರು. ಅಂದ್ರೆ ಹಸಿವು ಇತ್ತು.

ನಮ್ಮ ಕಾಲೇಜಲ್ಲಿ ಓದೋರಲ್ಲಿ ಅರ್ಧ ಜನರಿಗಾದ್ರೂ ಇಂಥ ಒಂದು ಮನೆ ಇರುತ್ತೆ. ಅದು ಅರಳಸುರಳಿಯಲ್ಲೇ ಇರಬೇಕಂತಿಲ್ಲ, ಹಾವೇರಿಯಲ್ಲೋ ಮಂಡ್ಯದಲ್ಲೋ ಇರಬಹುದು. ಹಬ್ಬ ಯುಗಾದಿಯೋ ಕ್ರಿಸ್‌ಮಸ್ಸೋ ರಂಜಾನೋ ಇರಬಹುದು. ಇಂಟರ್ನಲ್ಸ್ ಇದೆ, ಬಸ್ಸು ಫುಲ್, ಟಿಕೆಟ್ ರೇಟು ಕೇಳೋ ಹಾಗಿಲ್ಲ, ಇದೆಲ್ಲ ನನಗೂ ಗೊತ್ತು. ಮೂರು ದಿನ ಆಗದಿದ್ರೆ ಒಂದು ದಿನ ಹೋಗಿ. ಹಬ್ಬದ ದಿನವೇ ಆಗದಿದ್ರೆ ಹತ್ತಿರದ ಭಾನುವಾರ ಹೋಗಿ, ದೇವರು ಅಟೆಂಡೆನ್ಸ್ ಶಾರ್ಟೇಜ್ ಹಾಕಲ್ಲ.

ಹೋಗೋ ಮುಂಚೆ ಮನೆಗೆ ಫೋನ್ ಮಾಡ್ತೀರಲ್ಲ, ಆಗ "ಏನು ಸ್ಪೆಷಲ್?" ಅಂತ ಕೇಳಬೇಡಿ. ಆ ಪ್ರಶ್ನೆ ಕೇಳಿದ ತಕ್ಷಣ ಆ ಕಡೆ ಒಬ್ಬರ ಕೆಲಸ ಜಾಸ್ತಿ ಆಗುತ್ತೆ. "ನಾವು ಎಷ್ಟು ಜನ, ಎಷ್ಟು ಬಗೆ ಸಾಕು, ಅದರಲ್ಲಿ ನನ್ನ ಪಾಲಿನ ಕೆಲಸ ಯಾವುದು?" ಅಂತ ಕೇಳಿ. ಅಡುಗೆ ಮಾಡೋಕೆ ಬರಲ್ಲ ಅಂದ್ರೆ ಪಾತ್ರೆ ತೊಳೆಯೋದನ್ನ ಮೊದಲೇ ಹೇಳಿ ಇಟ್ಕೊಳ್ಳಿ. ಅದಕ್ಕೆ ಪೈಪೋಟಿ ಇರಲ್ಲ.