ಕೊರತೆ ಇರೋದು ಶಿಕ್ಷಕರದ್ದಾ, ನಂಬಿಕೆದಾ?

ಜರ್ಮನಿಯಲ್ಲಿ ಶಿಕ್ಷಕರ ಕೊರತೆ ಅಂತ ವರ್ಷಗಳಿಂದ ಕೇಳ್ತಿದ್ದೀವಿ. ಆದರೆ ಮೈಸೂರಲ್ಲಿ ಬಿ.ಎಡ್. ಮುಗಿಸಿ ಹತ್ತು ವರ್ಷ ಗಣಿತ ಕಲಿಸಿದವರು ಇಲ್ಲಿಗೆ ಬಂದರೆ? ಸಾಮಾನ್ಯವಾಗಿ ಕೇಳೋದು ಎರಡು ವಿಷಯಗಳ ಪದವಿ, ಉನ್ನತ ಮಟ್ಟದ ಜರ್ಮನ್. ಎರಡನೇ ವಿಷಯ ಇಲ್ಲದಿದ್ದರೆ ಮತ್ತೆ ಯೂನಿವರ್ಸಿಟಿ ಮೆಟ್ಟಿಲು. 16 ರಾಜ್ಯ, 16 ನಿಯಮ.

ಪಕ್ಕದಲ್ಲೇ ‘ಕ್ವೇರ್‌ಐನ್‌ಶ್ಟೀಗ್’ ಅನ್ನೋ ಬದಲಿ ದಾರಿ ಇದೆ. ಒಂದು ದಿನವೂ ಪಾಠ ಮಾಡದ ನನ್ನಂಥ ಡೇಟಾ ಸೈಂಟಿಸ್ಟ್ ಕೂಡ ಕೆಲವು ರಾಜ್ಯಗಳಲ್ಲಿ ಮಾಸ್ಟರ್ಸ್ ತೋರಿಸಿ ಅರ್ಜಿ ಹಾಕಬಹುದು. ಆ ದಾರಿ ಇರಲಿ. ಆದರೆ ತರಬೇತಿ ಇಲ್ಲದವರ ಮೇಲಿರೋ ನಂಬಿಕೆ ತರಬೇತಿ ಇರೋರ ಮೇಲೆ ಯಾಕಿಲ್ಲ?

2024ರ ಮಾರ್ಚ್‌ನಲ್ಲಿ ಶಿಕ್ಷಣ ಸಚಿವರ ಸಮ್ಮೇಳನ ಒಂದೇ ವಿಷಯದ ಶಿಕ್ಷಕರಿಗೂ ಅವಕಾಶ ತೆರೆಯಿತು. ವಿದೇಶದಲ್ಲಿ ಓದಿದವರಿಗೂ ಅದೇ ಅಳತೆಗೋಲು ಹಿಡಿಯಿರಿ. ಭಾಷೆ ಬೇಕೇ ಬೇಕು, ಒಪ್ಪಿದೆ. ಅದನ್ನು ಶಾಲೆಯಲ್ಲೇ, ಸಂಬಳ ತಗೊಳ್ತಾ ಕಲಿಯೋಕೆ ಬಿಡಿ.